ಆರದ ಸಿಪಿಯು ದೀಪ

ಚಿಕ್ಕಮಗಳೂರಿನಲ್ಲಿ ನನ್ನದೊಂದು ಸಣ್ಣ ಜೆರಾಕ್ಸ್, ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಫ್ಲೆಕ್ಸ್ ಡಿಸೈನ್, ಆನ್‌ಲೈನ್ ಅರ್ಜಿ, ಪಹಣಿ ಪ್ರಿಂಟ್ ಇವೇ ಕೆಲಸ. ಹಳೆ ಕಂಪ್ಯೂಟರಿಗೆ ಹತ್ತು ವರ್ಷ ದಾಟಿತ್ತು. ಫೋಟೋಶಾಪ್ ತೆರೆಯುವಷ್ಟರಲ್ಲಿ ಗಿರಾಕಿಗಳು ಪಕ್ಕದಲ್ಲಿ ಕಾಫಿ ಕುಡಿದು ವಾಪಸ್ ಬರುತ್ತಿದ್ದರು. ಕಳೆದ ಮಳೆಗಾಲದಲ್ಲಿ ಹೊಸದು ಮಾಡಿಸೋಣ ಅಂದುಕೊಂಡೆ. "ಮಾಡಿಸೋದ್ಯಾಕೆ ಮಾವ, ನಾವೇ ಜೋಡಿಸೋಣ" ಅಂದ ಅಕ್ಕನ ಮಗ. ಅವನು ಬೆಂಗಳೂರಿನಲ್ಲಿ ಓದುತ್ತಾನೆ. ಎಸ್.ಪಿ. ರೋಡಿನಲ್ಲಿ ಅಲೆದು ಎಲ್ಲ ಭಾಗಗಳನ್ನೂ ಕೊಂಡು ಬಸ್ಸಿನಲ್ಲಿ ಹೊತ್ತು ತಂದ. ರೈಜನ್ 5 5600 ಪ್ರೊಸೆಸರ್, ಬಿ450 ಮದರ್‌ಬೋರ್ಡ್, 8 ಜಿಬಿಯ ಎರಡು ರ‍್ಯಾಮ್, ಒಂದು ಎಸ್‌ಎಸ್‌ಡಿ, ಒಂದು ಸಾಧಾರಣ ಗ್ರಾಫಿಕ್ಸ್ ಕಾರ್ಡ್. "ಬೋರ್ಡ್ ಹಳೆ ಸ್ಟಾಕ್ ಅಂತೆ, ಕಮ್ಮಿಗೆ ಬಂತು" ಅಂತ ಖುಷಿಯಿಂದ ಹೇಳಿದ. ನಾನೂ ಖುಷಿಪಟ್ಟೆ. ಆ ಮಾತನ್ನು ಆಗಲೇ ಸ್ವಲ್ಪ ಯೋಚಿಸಿದ್ದರೆ ಒಂದೂವರೆ ದಿನ ಉಳಿಯುತ್ತಿತ್ತು.

ಭಾನುವಾರ ಅಂಗಡಿಯ ಷಟರ್ ಅರ್ಧ ಇಳಿಸಿ ಕೂತೆವು. ಹೊರಗೆ ಜಡಿಮಳೆ. ಜೋಡಿಸುವುದಕ್ಕೆ ಎರಡು ಗಂಟೆ ಹಿಡಿಯಿತು. ಸ್ವಿಚ್ ಒತ್ತಿದರೆ ಏನೂ ಇಲ್ಲ. ಫ್ಯಾನ್ ಕೂಡ ಅಲ್ಲಾಡಲಿಲ್ಲ.

ಇದು ಸುಲಭದ್ದು. ಡಬ್ಬದ ಮುಂದಿನ ಸ್ವಿಚ್ಚಿನಿಂದ ಬರುವ ಸಣ್ಣ ವೈರನ್ನು ಬೋರ್ಡಿನ ಎರಡು ಪಿನ್ನಿಗೆ ಹಾಕಬೇಕು. ನಾನು ಒಂದು ಪಿನ್ ಆಚೆ ಹಾಕಿದ್ದೆ. ಇಂಥ ಅನುಮಾನ ಬಂದರೆ ವೈರ್ ತೆಗೆದು, ಪವರ್ ಸ್ವಿಚ್ಚಿನ ಆ ಎರಡು ಪಿನ್‌ಗಳಿಗೆ ಸ್ಕ್ರೂಡ್ರೈವರ್ ತುದಿಯನ್ನು ಒಂದು ಕ್ಷಣ ತಾಗಿಸಿ ನೋಡಿ. ಫ್ಯಾನ್ ತಿರುಗಿದರೆ ಪವರ್ ಸಪ್ಲೈ ಸರಿಯಿದೆ, ತಪ್ಪು ವೈರಿನದು. ನಮ್ಮದು ತಿರುಗಿತು.

ತಿರುಗಿತು, ಆದರೆ ಪರದೆ ಕಪ್ಪಗೇ ಇತ್ತು.

ಬೋರ್ಡಿನ ಅಂಚಿನಲ್ಲಿ ನಾಲ್ಕು ಪುಟ್ಟ ದೀಪಗಳಿವೆ: ಸಿಪಿಯು (ಅಂದರೆ ಪ್ರೊಸೆಸರ್), ಡಿರ‍್ಯಾಮ್, ವಿಜಿಎ (ಗ್ರಾಫಿಕ್ಸ್), ಬೂಟ್ (ವಿಂಡೋಸ್ ಇರುವ ಡಿಸ್ಕ್). ಕಂಪ್ಯೂಟರ್ ಏಳುವಾಗ ಒಂದೊಂದನ್ನೇ ಪರೀಕ್ಷೆ ಮಾಡುತ್ತಾ ಹೋಗುತ್ತದೆ. ಪಾಸಾದದ್ದರ ದೀಪ ಆರುತ್ತದೆ, ಸಿಕ್ಕಿಹಾಕಿಕೊಂಡದ್ದರ ದೀಪ ಉರಿಯುತ್ತಲೇ ಇರುತ್ತದೆ. ಎಲ್ಲ ಬೋರ್ಡಿನಲ್ಲೂ ಇವು ಇರುವುದಿಲ್ಲ. ಇಲ್ಲದಿದ್ದರೆ ಒಂದು ಸಣ್ಣ ಸ್ಪೀಕರ್ ಸಿಕ್ಕಿಸಿ ಬೀಪ್ ಎಣಿಸಬೇಕು. ನಮ್ಮದರಲ್ಲಿ ಉರಿಯುತ್ತಿದ್ದದ್ದು ಸಿಪಿಯು ದೀಪ, ಕೆಂಪಗೆ.

ಸಿಪಿಯು ದೀಪ ಅಂದರೆ ಮೊದಲು ನೋಡಬೇಕಾದ್ದು ಬೋರ್ಡಿನ ಮೇಲಿನ ಮೂಲೆಗೆ ಹೋಗುವ 8 ಪಿನ್ ವೈರ್. ಪ್ರೊಸೆಸರಿಗೆ ಕರೆಂಟ್ ಬರುವುದೇ ಅದರಿಂದ. ದೊಡ್ಡ 24 ಪಿನ್ ವೈರ್ ಹಾಕಿ ಇದನ್ನು ಮರೆತರೆ ಫ್ಯಾನ್ ತಿರುಗುತ್ತದೆ, ಕಂಪ್ಯೂಟರ್ ಏಳುವುದಿಲ್ಲ. ನಾವು ಮರೆತಿರಲಿಲ್ಲ. ಹಳೆ ಸೆಟ್ಟಿಂಗ್ ಅಳಿಸಿಹೋಗಲಿ ಅಂತ ಬೋರ್ಡಿನ ಗುಂಡು ಸೆಲ್ ತೆಗೆದು ಐದು ನಿಮಿಷ ಬಿಟ್ಟು ಹಾಕಿದೆವು. ಬೋರ್ಡನ್ನು ಡಬ್ಬದಿಂದ ಹೊರಗೆ ತೆಗೆದು ಅದರದೇ ರಟ್ಟಿನ ಪೆಟ್ಟಿಗೆ ಮೇಲಿಟ್ಟು ನೋಡಿದೆವು. ಹಿಂದೆ ಎಲ್ಲಾದರೂ ಲೋಹ ತಾಗಿ ಶಾರ್ಟ್ ಆಗುತ್ತಿದ್ದರೆ ಹೀಗೆ ಗೊತ್ತಾಗುತ್ತದೆ. (ಬೋರ್ಡ್ ಬರುವ ಬೂದು ಬಣ್ಣದ ಹೊಳೆಯುವ ಕವರಿನ ಮೇಲೆ ಮಾತ್ರ ಇಡಬೇಡಿ. ಅದರ ಮೈಯಲ್ಲಿ ಕರೆಂಟ್ ಸ್ವಲ್ಪ ಹರಿಯುತ್ತದೆ.) ಕೆಂಪು ದೀಪ ಜಪ್ಪಯ್ಯ ಅನ್ನಲಿಲ್ಲ.

ಆಮೇಲೆ ನಾನು ಮಾಡಿದ ಕೆಲಸ ಹೇಳಿಕೊಳ್ಳುವುದಕ್ಕೆ ನಾಚಿಕೆ. ಪ್ರೊಸೆಸರ್ ಸರಿಯಾಗಿ ಕೂತಿದೆಯಾ ನೋಡೋಣ ಅಂತ ಅದರ ಮೇಲೆ ಕೂರುವ ಕೂಲರಿನ ನಾಲ್ಕು ಸ್ಕ್ರೂ ಬಿಚ್ಚಿ ನೆಟ್ಟಗೆ ಮೇಲಕ್ಕೆ ಎಳೆದೆ. ಬರಲಿಲ್ಲ. ಇನ್ನೂ ಜೋರಾಗಿ ಎಳೆದೆ. 'ಚರ್' ಅಂತ ಬಂತು, ಅದರ ತಳಕ್ಕೆ ಅಂಟಿಕೊಂಡು ಪ್ರೊಸೆಸರೂ ಬಂತು. ಪ್ರೊಸೆಸರ್ ಕೂರುವ ಸಾಕೆಟ್ಟಿನ ಲಿವರ್ ಹಾಕಿದ ಹಾಗೇ ಇತ್ತು. "ಮಾವ..." ಅಂದವನು ಮುಂದೆ ಮಾತಾಡಲಿಲ್ಲ.

ಎಎಮ್4 ಸಾಕೆಟ್ಟಿನ ಪ್ರೊಸೆಸರಿಗೆ ಪಿನ್‌ಗಳು ಅದರ ಹೊಟ್ಟೆಯಲ್ಲೇ ಇರುತ್ತವೆ, 1331. ಮೂಲೆಯ ಮೂರು ಬಾಗಿದ್ದವು. ಬಿಸಿ ದಾಟಿಸಲು ಪ್ರೊಸೆಸರಿಗೂ ಕೂಲರಿಗೂ ನಡುವೆ ಹಚ್ಚುವ ಪೇಸ್ಟ್ ತಣ್ಣಗಿದ್ದಾಗ ಗೋಂದಿನ ಹಾಗೆ ಹಿಡಿಯುತ್ತದೆ. ಕಂಪ್ಯೂಟರ್ ಸ್ವಲ್ಪ ಹೊತ್ತು ಓಡಿಸಿ ಬಿಸಿಯಾದ ಮೇಲೆ, ಕೂಲರನ್ನು ಎಡಕ್ಕೆ ಬಲಕ್ಕೆ ಮೆಲ್ಲಗೆ ತಿರುವಿ, ಸಡಿಲ ಆದ ಮೇಲಷ್ಟೇ ಎತ್ತಬೇಕು. ಏಳದೇ ಇರುವ ಕಂಪ್ಯೂಟರ್ ಬಿಸಿ ಆಗುವುದೆಲ್ಲಿ ಅಂತೀರಾ? ಹೇರ್ ಡ್ರೈಯರ್ ಹಿಡಿಯಬಹುದಿತ್ತು. ಆಗ ಹೊಳೆಯಲಿಲ್ಲ.

ಹುಡುಗನ ಬ್ಯಾಗಿನಲ್ಲಿ ಲೆಡ್ ಪೆನ್ಸಿಲ್ ಇತ್ತು. ಲೆಡ್ ತೆಗೆದು, ಅದರ ಖಾಲಿ ಮೂತಿಯನ್ನು ಪಿನ್ನಿನ ಮೇಲೆ ಇಳಿಸಿ, ಕೂದಲೆಳೆಯಷ್ಟು ಕೂದಲೆಳೆಯಷ್ಟು ನೆಟ್ಟಗೆ ಮಾಡಿದೆ. ಮೊಬೈಲ್ ಕ್ಯಾಮೆರಾ ಜೂಮ್ ಮಾಡಿ ಅವನು ಸಾಲು ನೋಡುತ್ತಿದ್ದ. ಮುಕ್ಕಾಲು ಗಂಟೆ. ಕೈ ನಡುಗಿದ್ದು ಚಳಿಗೆ ಅಂತ ಅವನಿಗೆ ಹೇಳಿದೆ. ಕೊನೆಗೆ ಪ್ರೊಸೆಸರ್ ತನ್ನ ಭಾರಕ್ಕೇ ಸಾಕೆಟ್ಟಿಗೆ ಇಳಿಯಿತು. ಹಾಗೆ ಇಳಿಯಬೇಕು, ಒತ್ತಬಾರದು. ಪರಿಚಯದ ಮೊಬೈಲ್ ರಿಪೇರಿಯವರ ಹತ್ತಿರ ಐಪಿಎ ದ್ರವ (ಒರೆಸುವುದಕ್ಕೆ ಬಳಸುವ ಆಲ್ಕೋಹಾಲ್), ಒಂದಿಷ್ಟು ಪೇಸ್ಟ್ ಇಸಿದುಕೊಂಡು ಬಂದು, ಹಳೆಯದನ್ನು ಒರೆಸಿ ಹೊಸದು ಹಾಕಿದೆವು.

ದೀಪ ಇನ್ನೂ ಕೆಂಪು. ಈಗ ತಲೆನೋವು ಎರಡಾಯಿತು. ಮೊದಲಿದ್ದ ತೊಂದರೆಯೋ ಇದು, ಅಥವಾ ನಾನು ಪಿನ್ ಬಗ್ಗಿಸಿದ್ದರ ಫಲವೋ, ಹೇಗೆ ಹೇಳುವುದು?

ಉತ್ತರ ರಟ್ಟಿನ ಪೆಟ್ಟಿಗೆ ಮೇಲೇ ಇತ್ತು. ರಾತ್ರಿ ಷಟರ್ ಹಾಕುವಾಗ ಹುಡುಗ ಅದನ್ನು ಮಡಚುತ್ತಿದ್ದ. ಮೂಲೆಯಲ್ಲಿ ಒಂದು ಸ್ಟಿಕರ್: 'ರೈಜನ್ 3000 ರೆಡಿ'. ನಮ್ಮದು 5000 ಸರಣಿ. ಬಿ450 ಚಿಪ್‌ಸೆಟ್ ಬಂದದ್ದು 2018ರಲ್ಲಿ, 5600 ಬಂದದ್ದು 2022ರಲ್ಲಿ. ಸಾಕೆಟ್ ಒಂದೇ, ಆದ್ದರಿಂದ ಕೂರುತ್ತದೆ. ಆದರೆ ಬೋರ್ಡಿನೊಳಗಿನ ಹಳೆ ಬಯೋಸಿಗೆ, ಅಂದರೆ ಕಂಪ್ಯೂಟರನ್ನು ಎಬ್ಬಿಸುವ ಪ್ರೋಗ್ರಾಮಿಗೆ, ಈ ಪ್ರೊಸೆಸರಿನ ಗುರುತೇ ಇಲ್ಲ. ಹಳೆ ಸ್ಟಾಕ್ ಅಂದರೆ ಇದೇ ಅಲ್ವಾ! ಬೋರ್ಡ್ ಕಂಪನಿಯ ಪುಟದಲ್ಲಿ ಯಾವ ಪ್ರೊಸೆಸರಿಗೆ ಯಾವ ಬಯೋಸ್ ಬೇಕು ಅನ್ನುವ ಪಟ್ಟಿಯೇ ಇರುತ್ತದೆ. ಕೊಳ್ಳುವ ಮುಂಚೆ ಅದನ್ನು ನೋಡುವುದಕ್ಕೆ ಎರಡು ನಿಮಿಷ ಸಾಕು.

ಪುಣ್ಯಕ್ಕೆ ನಮ್ಮ ಬೋರ್ಡಿನ ಹಿಂದೆ ಬಯೋಸ್ ಫ್ಲ್ಯಾಶ್ ಮಾಡುವ, ಅಂದರೆ ಹೊಸದನ್ನು ಬರೆಯುವ ಗುಂಡಿ ಇತ್ತು. ಅದು ಇದ್ದರೆ ಈ ಕೆಲಸಕ್ಕೆ ಪ್ರೊಸೆಸರ್, ರ‍್ಯಾಮ್ ಯಾವುದೂ ಬೇಡ. 24 ಪಿನ್, 8 ಪಿನ್ ಎರಡೇ ವೈರ್ ಸಾಕು. ಆ ಗುಂಡಿ ಇಲ್ಲದ ಬಿ450 ಬೋರ್ಡುಗಳೂ ಬಹಳ ಇವೆ. ಅಂಥದ್ದಾದರೆ ಯಾರದಾದರೂ ಹಳೆ ರೈಜನ್ ಪ್ರೊಸೆಸರ್ ಸಾಲ ಕೇಳಬೇಕು.

ಸೋಮವಾರ ಬೆಳಿಗ್ಗೆ ಹೊಸ ಬಯೋಸಿನ ಫೈಲ್ ಇಳಿಸಿ, ಕೈಪಿಡಿ ಹೇಳಿದ ಹಾಗೆ ಹೆಸರು ಬದಲಿಸಿ, ನನ್ನ 64 ಜಿಬಿ ಪೆನ್‌ಡ್ರೈವಿಗೆ ಹಾಕಿ ಗುಂಡಿ ಒತ್ತಿದೆ. ಆ ಗುಂಡಿಯ ದೀಪ ನಾಲ್ಕು ಸಲ ಮಿಣುಕಿ ನಿಂತುಹೋಯಿತು. ಅದಕ್ಕೆ ಫ್ಯಾಟ್32 ಅನ್ನುವ ರೀತಿಯಲ್ಲಿ ಫಾರ್ಮ್ಯಾಟ್ ಮಾಡಿದ ಪೆನ್‌ಡ್ರೈವ್ ಬೇಕು. ವಿಂಡೋಸಿನ ಮಾಮೂಲಿ ಫಾರ್ಮ್ಯಾಟ್ ಕಿಟಕಿಯಲ್ಲಿ 32 ಜಿಬಿಗಿಂತ ದೊಡ್ಡದಕ್ಕೆ ಆ ಆಯ್ಕೆ ಕಾಣಿಸಲಿಲ್ಲ. ಕಾರಿನಲ್ಲಿದ್ದ ಹಳೆ ಹಾಡುಗಳ 8 ಜಿಬಿಯದು ಬಲಿಯಾಯಿತು.

ಆಮೇಲಿನ ಭಯ ಕರೆಂಟಿನದು. ನಮ್ಮ ಕಡೆ ಜುಲೈನಲ್ಲಿ ಎಲ್ಲೋ ಮರ ಬಿದ್ದರೆ ಇಲ್ಲಿ ದೀಪ ಹೋಗುತ್ತದೆ. ಬಯೋಸ್ ಬರೆಯುವಾಗ ಮಧ್ಯದಲ್ಲಿ ಕರೆಂಟ್ ಹೋಗಬಾರದು. ಹಳೆ ಕಂಪ್ಯೂಟರಿನ ಯುಪಿಎಸ್ ತಂದು ಹಾಕಿದೆ. ಬೋರ್ಡ್ ಒಂದೇ ಇರುವುದರಿಂದ ಕರೆಂಟ್ ಎಳೆಯುವುದು ತೀರಾ ಕಮ್ಮಿ, ಅದು ಧಾರಾಳ ಸಾಕು. ಐದು ನಿಮಿಷದ ಹತ್ತಿರ ಹಿಡಿಯಿತು. ಒಬ್ಬರು ಆಧಾರ್ ಜೆರಾಕ್ಸ್ ಕೇಳಿ ಬಂದರು. ಕೈ ಮುಗಿದು ಕೂರಿಸಿದೆ.

ದೀಪ ಮಿಣುಕುವುದು ನಿಂತ ಮೇಲೆ ಎಲ್ಲ ಜೋಡಿಸಿ ಸ್ವಿಚ್ ಒತ್ತಿದರೆ ಸಿಪಿಯು ದೀಪ ಬಂತು, ಆರಿತು. ನನ್ನ ಮೂರು ಪಿನ್ನೂ ಪಾಸು. ಈಗ ಡಿರ‍್ಯಾಮ್ ದೀಪ ನಿಂತಿತು. ಅದಕ್ಕೆ ಹೆದರಲಿಲ್ಲ. ಒಂದು ರ‍್ಯಾಮಿನ ತುದಿ ಪೂರ್ತಿ ಕೂತಿರಲಿಲ್ಲ. ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡನೇ ಮತ್ತು ನಾಲ್ಕನೇ ಜಾಗದಲ್ಲಿ 'ಟಕ್' ಅನ್ನುವ ತನಕ ಒತ್ತಿದೆವು. ಹಳೆ ರ‍್ಯಾಮಿಗೆ ರಬ್ಬರ್ ಉಜ್ಜುತ್ತಾರಲ್ಲ, ಹೊಸದಕ್ಕೆ ಅದೆಲ್ಲ ಬೇಡ.

ನಾಲ್ಕೂ ದೀಪ ಆರಿದರೂ ಪರದೆ ಕಪ್ಪು. ಎಚ್‌ಡಿಎಂಐ ವೈರನ್ನು ಅಭ್ಯಾಸಬಲದಿಂದ ಬೋರ್ಡಿಗೇ ಸಿಕ್ಕಿಸಿದ್ದೆ. 5600ರೊಳಗೆ ಗ್ರಾಫಿಕ್ಸ್ ಇಲ್ಲ, ವೈರ್ ಕಾರ್ಡಿಗೇ ಹೋಗಬೇಕು. ಬದಲಿಸಿದೆ. ಬಯೋಸ್ ಪರದೆ ಬಂತು. ಹುಡುಗ ಫೋಟೋ ಹೊಡೆದು ಅಕ್ಕನಿಗೆ ಕಳಿಸಿದ. "ಇಷ್ಟಕ್ಕೆ ಎರಡು ದಿನವಾ?" ಅಂತ ಅವಳ ಮೆಸೇಜು.

ಕಂಪ್ಯೂಟರ್ ಈಗ ಚೆನ್ನಾಗಿ ಓಡುತ್ತಿದೆ. ಡಬ್ಬದ ಮುಂದಿನ ಹಾರ್ಡ್‌ಡಿಸ್ಕ್ ದೀಪ ಮಾತ್ರ ಇವತ್ತಿಗೂ ಹತ್ತುವುದಿಲ್ಲ. ಪ್ಲಸ್ಸು ಮೈನಸ್ಸು ಉಲ್ಟಾ ಹಾಕಿದ್ದೇನೆ ಅಂತ ಗೊತ್ತು. ಡಬ್ಬ ಬಿಚ್ಚುವುದಕ್ಕೆ ಇನ್ನೂ ಧೈರ್ಯ ಬಂದಿಲ್ಲ.