ಕೈಯಲ್ಲಿ ಎರಡೇ ಕೆಲಸ: ನನ್ನ ಅನುಭವ

ಒಂದು ಹೊತ್ತಿಗೆ ಎರಡಕ್ಕಿಂತ ಹೆಚ್ಚು ಕೆಲಸ ಹಿಡಿಯುವುದಿಲ್ಲ ಎಂದು ನಾನು ತೀರ್ಮಾನಿಸಿದಾಗ, ಅನುವಾದದ ಕೆಲಸದಲ್ಲಿ ನನಗಿಂತ ಬಹಳ ಹಿಂದಿನಿಂದ ಇರುವ ಹಿರಿಯರೊಬ್ಬರು, ‘ಆರು ತಿಂಗಳು ತಡಿ, ಯಾವುದಾದರೂ ಕಚೇರಿಯಲ್ಲಿ ಸಂಬಳಕ್ಕೆ ಸೇರಿರುತ್ತೀಯಮ್ಮ’ ಎಂದರು. ಎರಡು ವರ್ಷ ಕಳೆದಿರಬೇಕು. ಸೇರಿಲ್ಲ. ಹೇಗೆ ಸಾಧ್ಯವಾಯಿತು ಎಂದು ಈಗ ಕೇಳುವವರು ಹೆಚ್ಚಾಗಿರುವುದರಿಂದ ಬರೆದಿಡುತ್ತಿದ್ದೇನೆ.

ಸ್ವತಂತ್ರವಾಗಿ ದುಡಿಯುವವರಿಗೆ ಹಳೆಯ ಕಥೆಯನ್ನು ವಿವರಿಸಬೇಕಾಗಿಲ್ಲ. ಬಂದದ್ದಕ್ಕೆಲ್ಲ ಹೂಂ ಎನ್ನುವುದು, ಏಳೆಂಟು ಕಡತಗಳನ್ನು ತೆರೆದಿಟ್ಟುಕೊಳ್ಳುವುದು, ಗಡುವಿನ ಹಿಂದಿನ ರಾತ್ರಿ ಎಚ್ಚರವಿರುವುದು. ಇದಕ್ಕೆ ಮದ್ದೆಂದು ನಾನು ಕೊಂಡ ಯೋಜನಾ ಪುಸ್ತಕಗಳು, ಚಂದಾ ಕಟ್ಟಿದ ಆ್ಯಪ್‌ಗಳು, ಸಮಯ ನಿರ್ವಹಣೆಯ ಒಂದು ತರಬೇತಿ ಎಲ್ಲ ಸೇರಿದರೆ ಸುಮಾರು ಒಂದು ತಿಂಗಳ ಗಳಿಕೆ ಹೋಗಿರಬಹುದು. ಇಪ್ಪತ್ತೈದು ನಿಮಿಷ ದುಡಿದು, ಗಂಟೆ ಬಾರಿಸಿದಾಗ ಸ್ವಲ್ಪ ವಿರಮಿಸುವ ಫ್ರಾನ್ಸೆಸ್ಕೊ ಚಿರಿಲ್ಲೊ ಅವರ ಗಡಿಯಾರದ ಕ್ರಮವನ್ನೂ ಬಿಡಲಿಲ್ಲ. ಕರಡು ತಿದ್ದುವುದಕ್ಕೆ ಅದು ಸೊಗಸಾಗಿ ಒದಗುತ್ತದೆ. ಆದರೆ ಅನುವಾದದಲ್ಲಿ ಲಯ ಸಿಕ್ಕುವುದೇ ಇಪ್ಪತ್ತನೆಯ ನಿಮಿಷಕ್ಕೆ. ಮತ್ತೈದು ನಿಮಿಷದಲ್ಲಿ ಗಂಟೆ ಬಾರಿಸಿ ಎಬ್ಬಿಸಿದರೆ ಸಿಟ್ಟು ಬಾರದೆ ಇನ್ನೇನು?

ನಿಜಕ್ಕೂ ಕಣ್ಣು ತೆರೆಸಿದ್ದು ಒಂದು ಸಾದಾ ನೋಟ್‌ಬುಕ್. ಪ್ರತಿ ಕೆಲಸಕ್ಕೆ ಎಷ್ಟು ದಿನ ಬೇಕಾಗಬಹುದು ಎಂದು ಮೊದಲೇ ಬರೆದೆ, ಮುಗಿದಾಗ ಎಷ್ಟು ಹಿಡಿಯಿತು ಎಂದು ಪಕ್ಕದಲ್ಲಿ ಬರೆದೆ. ಹೆಚ್ಚುಕಡಿಮೆ ಎಲ್ಲವೂ ಅಂದಾಜಿನ ಒಂದೂಮುಕ್ಕಾಲು ಪಟ್ಟು. ಜನ ತಮ್ಮ ಕೆಲಸಕ್ಕೆ ಹಿಡಿಯುವ ಸಮಯವನ್ನು ಸದಾ ಕಡಿಮೆ ಅಂದಾಜು ಮಾಡುತ್ತಾರೆ ಎಂದು ಮನಶ್ಶಾಸ್ತ್ರಜ್ಞರಾದ ಕಾನ್‌ಮನ್ ಮತ್ತು ಟ್ವರ್‌ಸ್ಕಿ 1979ರಲ್ಲೇ ಹೇಳಿದ್ದರು. ಅದು ನನಗೂ ಗೊತ್ತಿತ್ತು; ಎಲ್ಲರಂತೆ ನಾನೂ ಅದು ಉಳಿದವರ ವಿಷಯ ಎಂದುಕೊಂಡಿದ್ದೆ. ಇನ್ನೂ ಗಮನಿಸಬೇಕಾದದ್ದು ಬೇರೆ ಇತ್ತು: ತಡವಾದ ದಿನಗಳಲ್ಲಿ ಆ ಕಡತವನ್ನು ನಾನು ಮುಟ್ಟಿಯೇ ಇರಲಿಲ್ಲ. ಕೆಲಸ ನಿಧಾನವಾಗುತ್ತಿರಲಿಲ್ಲ, ಸುಮ್ಮನೆ ಸರದಿಯಲ್ಲಿ ಬಿದ್ದಿರುತ್ತಿತ್ತು.

ಸರದಿಯಲ್ಲಿ ಕಾಯುವ ಲೆಕ್ಕವನ್ನು ಅಮೆರಿಕದ ಸಂಶೋಧಕ ಜಾನ್ ಲಿಟಲ್ 1961ರಲ್ಲಿ ಸಾಧಿಸಿ ತೋರಿಸಿದ್ದಾರೆ. ಗಣಿತ ಬಿಡಿ, ನನಗೆ ಬೇಕಾದದ್ದು ಇಷ್ಟೇ: ತಿಂಗಳಿಗೆ ಎಂಟು ಕೆಲಸ ಮುಗಿಸುವವಳು ಸದಾ ಎಂಟನ್ನು ಕೈಯಲ್ಲಿಟ್ಟುಕೊಂಡಿದ್ದರೆ ಪ್ರತಿಯೊಂದೂ ಸರಾಸರಿ ಒಂದು ತಿಂಗಳು ಅವಳ ಬಳಿ ಇರುತ್ತದೆ. ಎರಡನ್ನೇ ಇಟ್ಟುಕೊಂಡರೆ ಒಂದು ವಾರ. ಕೈಯ ವೇಗ ಅದೇ, ದುಡಿಮೆ ಅದೇ. ಗ್ರಾಹಕನ ಕಣ್ಣಿಗೆ ಮಾತ್ರ ನಾನು ನಾಲ್ಕು ಪಟ್ಟು ಚುರುಕು!

ನಿಯಮ ಮಾಡುವುದು ಸುಲಭ, ಎಣಿಸುವುದು ಕಷ್ಟ. ಅನುವಾದ ಕಳುಹಿಸಿ ಗ್ರಾಹಕರ ತಿದ್ದುಪಡಿಗೆ ಕಾಯುತ್ತಿರುವ ಕೆಲಸವನ್ನು ಲೆಕ್ಕಕ್ಕೆ ಸೇರಿಸಬೇಕೇ? ಮೊದಮೊದಲು ಸೇರಿಸಲಿಲ್ಲ. ಎರಡು ಕೈಯಲ್ಲಿ, ಐದು ‘ಕಾಯುವಿಕೆ’ಯಲ್ಲಿ. ಒಂದು ವಾರ ಆ ಐದೂ ಮಾತಾಡಿಕೊಂಡಂತೆ ಒಟ್ಟಿಗೆ ಮರಳಿದವು. ವ್ಯವಸ್ಥೆ ಅಲ್ಲಿಗೆ ಕುಸಿಯಿತು. ಆಮೇಲೆ ಅದನ್ನೂ ಪೂರ್ಣ ಕೆಲಸವೆಂದೇ ಎಣಿಸಿದೆ. ಆಗ ನಾನೇ ಖಾಲಿ ಕುಳಿತೆ, ಅದು ಇನ್ನೂ ದುಬಾರಿ. ಕೊನೆಗೆ ನೆಲೆನಿಂತದ್ದು ಅರ್ಧದ ಲೆಕ್ಕ: ಕಾಯುತ್ತಿರುವ ಎರಡು ಸೇರಿದರೆ ಒಂದು. ಜೊತೆಗೆ, ತಿದ್ದುಪಡಿಗೆ ಹತ್ತು ದಿನದ ಮಿತಿ. ಅಷ್ಟರಲ್ಲಿ ಬಾರದಿದ್ದರೆ ಬಿಲ್ ಹೋಗುತ್ತದೆ, ಕೆಲಸ ಪಟ್ಟಿಯಿಂದ ಇಳಿಯುತ್ತದೆ, ಆನಂತರ ಬಂದದ್ದು ಹೊಸ ಕೆಲಸ. ಈ ಹತ್ತು ದಿನದ ಮಾತಿಗೆ ತಕರಾರು ಬರುತ್ತದೆಂದು ಹೆದರಿದ್ದೆ. ಯಾರೂ ತುಟಿ ಪಿಟಕ್ಕೆನ್ನಲಿಲ್ಲ. ಬದಲಿಗೆ ತಿದ್ದುಪಡಿಗಳು ಬೇಗ ಬರತೊಡಗಿದವು.

ಇನ್ನು ಹಣ. ಮೊದಲ ಮೂರು ನಾಲ್ಕು ತಿಂಗಳು ಗಳಿಕೆ ಮೂರನೇ ಒಂದು ಭಾಗದಷ್ಟು ಇಳಿಯಿತು. ಉಳಿತಾಯಕ್ಕೆ ಕೈ ಹಾಕಿದೆ. ಅತಿ ಹೆಚ್ಚು ಕೆಲಸ ಕೊಡುತ್ತಿದ್ದ ಗ್ರಾಹಕರೇ ಬಿಟ್ಟುಹೋದರು. ಆ ರಾತ್ರಿ ನಿದ್ದೆ ಬರಲಿಲ್ಲ ನಿಜ, ಆದರೆ ಮರುದಿನ ಹಳೆಯ ಬಿಲ್‌ಗಳನ್ನು ಹರಡಿಕೊಂಡು ಲೆಕ್ಕ ಹಾಕಿದರೆ ಗಂಟೆಗೆ ಅತಿ ಕಡಿಮೆ ಕೊಡುತ್ತಿದ್ದವರೂ ಅವರೇ, ಬಾಕಿ ಉಳಿಸಿಕೊಳ್ಳುತ್ತಿದ್ದವರೂ ಅವರೇ. ಸುಮಾರು ಎಂಟನೆಯ ತಿಂಗಳಿಗೆ ಹಳೆಯ ಮಟ್ಟ ಮುಟ್ಟಿದೆ. ವರ್ಷದ ಕೊನೆಗೆ ಅದಕ್ಕಿಂತ ಕಾಲು ಭಾಗ ಮೇಲೆ, ಅದೂ ರಾತ್ರಿಯ ದುಡಿಮೆ ಇಲ್ಲದೆ. ‘ಈಗ ಜಾಗವಿಲ್ಲ, ಇಂಥ ದಿನ ತೆರವಾಗುತ್ತದೆ’ ಎಂದರೆ ಬಹುಪಾಲು ಜನ ಕಾಯುತ್ತಾರೆ. ಕಾಯುವವರು ಆ ಜಾಗ ಹಿಡಿದಿಡಲು ಮುಂಗಡವನ್ನೂ ಕೊಡುವಂತೆ ನಾನು ಬರೆಯುವ ಎರಡು ಸಾಲುಗಳಿವೆ. ಅವುಗಳನ್ನು ಇಲ್ಲಿ ಕೊಡುವುದಿಲ್ಲ. ನಾನೂ ಬದುಕಬೇಕಲ್ಲ.

ಸಂದೇಶಗಳಿಗೆ ದಿನಕ್ಕೆ ಎರಡೇ ಸಲ ಉತ್ತರಿಸುವುದು ಇದರ ಬಾಲಂಗೋಚಿ. ಅದರ ಬಗ್ಗೆ ಎಲ್ಲರೂ ಬರೆದಾಗಿದೆ.

ಮನೆಯಲ್ಲಿ ನಡೆದದ್ದು ಹೆಚ್ಚು ಸ್ವಾರಸ್ಯ. ನನ್ನ ಗಂಡನಿಗೂ ನನಗೂ ವಾರಕ್ಕೊಮ್ಮೆ ಅರ್ಧ ಗಂಟೆ ಕುಳಿತು ಮಾತಾಡುವ ಯೋಜನೆ ಹಾಕಿದೆ. ಎರಡನೆಯ ವಾರಕ್ಕೆ ಅದು ನ್ಯಾಯಾಲಯವಾಯಿತು: ಹಳೆಯ ಕಡತಗಳು, ಸಾಕ್ಷಿಗಳು, ಪಾಟೀಸವಾಲು. ಆಗ ಅವರೇ, ‘ನಿನ್ನ ಎರಡರ ನಿಯಮ ನಮ್ಮಿಬ್ಬರಿಗೆ ಯಾಕಿಲ್ಲ?’ ಎಂದರು. ಸರಿ, ತಲಾ ಒಂದು ವಿಷಯ, ಅದೂ ಬರುವ ವಾರಕ್ಕೆ ಸಂಬಂಧಿಸಿದ್ದು ಮಾತ್ರ. ಕಳೆದ ವಾರದ್ದು ಎತ್ತುವಂತಿಲ್ಲ. ಹಿಡಿದ ವಿಷಯ ಇತ್ಯರ್ಥವಾಗುವವರೆಗೆ ಹೊಸ ದೂರಿಗೆ ಪ್ರವೇಶವಿಲ್ಲ. ಸರದಿಯಲ್ಲಿ ನಿಂತ ದೂರುಗಳಲ್ಲಿ ಅರ್ಧಕ್ಕರ್ಧ ತಮ್ಮ ಪಾಳಿ ಬರುವ ಮೊದಲೇ ಸತ್ತುಹೋದವು. ಉಳಿದವು ನಿಜವಾದವು: ಹಣ ಯಾರ ಹೆಸರಿನಲ್ಲಿ ಉಳಿಯಬೇಕು, ಅವರ ತಾಯಿಯ ಆರೈಕೆಯಲ್ಲಿ ಯಾರ ಪಾಲೆಷ್ಟು. ಈ ಎರಡನೆಯದು ತಿಂಗಳುಗಟ್ಟಲೆ ಒಂದೇ ಜಾಗ ಹಿಡಿದು ಕುಳಿತಿತ್ತು. ಕುಳಿತಿರಲಿ, ಅದರ ತೂಕವೇ ಅಷ್ಟು.

ನಡುವೆ ಒಂದು ಅಡ್ಡ ಪ್ರಯೋಗವನ್ನೂ ಮಾಡಿದೆ. ಗಟ್ಟಿಯಾಗಿ ಉಳಿಯುವ ದಾಂಪತ್ಯಗಳಲ್ಲಿ ವಾಗ್ವಾದದ ಹೊತ್ತಿನಲ್ಲೂ ಒಂದು ಕಹಿಗೆ ಐದು ಒಳ್ಳೆಯ ನಡೆಗಳಿರುತ್ತವೆ ಎಂಬುದು ದಾಂಪತ್ಯಗಳನ್ನು ಅಧ್ಯಯನ ಮಾಡಿದ ಮನಶ್ಶಾಸ್ತ್ರಜ್ಞ ಜಾನ್ ಗಾಟ್‌ಮನ್ ಕಂಡ ಪ್ರಮಾಣ. ನಾನು ನೋಟ್‌ಬುಕ್ಕಿನಲ್ಲಿ ಗೀಟು ಹಾಕಿ ಎಣಿಸತೊಡಗಿದೆ. ಒಂದು ಸಂಜೆ ಸಾಲಾಗಿ ಮೂರು ಸಲ ಹೊಗಳಿದಾಗ, ‘ಇನ್ನೆಷ್ಟು ಬಾಕಿ ಇದೆ?’ ಎಂದು ಗಂಡ ಕೇಳಿದರು. ನೋಟ್‌ಬುಕ್ ಅವರ ಕಣ್ಣಿಗೆ ಬಿದ್ದಿತ್ತಂತೆ. ಎಣಿಕೆ ಅಲ್ಲಿಗೆ ನಿಂತಿತು.

ನಸುಕಿನಲ್ಲಿ ಏಳುವುದನ್ನು ಪ್ರಯತ್ನಿಸಿದೆ; ನನ್ನ ದೇಹಕ್ಕೆ ಅದು ಒಗ್ಗುವುದಿಲ್ಲ. ಮೊಬೈಲ್ ಪರದೆಯನ್ನು ಕಪ್ಪುಬಿಳುಪು ಮಾಡಿದೆ; ಕೆಲ ವಾರದಲ್ಲಿ ಕಣ್ಣು ಒಗ್ಗಿ ಮತ್ತೆ ಅಷ್ಟೇ ನೋಡತೊಡಗಿದೆ. ಇಪ್ಪತ್ತೊಂದು ದಿನದಲ್ಲಿ ಅಭ್ಯಾಸ ಕುದುರುತ್ತದೆ ಎಂಬುದನ್ನಂತೂ ನಂಬಬೇಡಿ. ಲಂಡನ್ನಿನಲ್ಲಿ ಸಂಶೋಧಕಿ ಫಿಲಿಪಾ ಲಾಲಿ ಮತ್ತು ಸಂಗಡಿಗರು ಅಳೆದಾಗ ಸರಾಸರಿ 66 ದಿನ ಬಂದಿತ್ತು, ಜನರ ನಡುವಿನ ಅಂತರವಂತೂ 18ರಿಂದ 254 ದಿನ. ಎರಡರ ನಿಯಮ ನನಗೆ ಮೈಗೂಡಲು ಅರ್ಧ ವರ್ಷವೇ ಹಿಡಿದಿರಬೇಕು.

ಎರಡೇ ಯಾಕೆ, ಒಂದೇ ಯಾಕಲ್ಲ ಎಂದು ಕೇಳುತ್ತಾರೆ. ಅದನ್ನೂ ಮಾಡಿ ನೋಡಿದ್ದೇನೆ. ಒಂದೇ ಇದ್ದರೆ, ಅದರಲ್ಲೊಂದು ಮೊಂಡು ಪುಟ ಎದುರಾದಾಗ ಓಡಿಹೋಗಲು ಬೇರೆ ಕೆಲಸವೇ ಇರುವುದಿಲ್ಲ. ಆಗ ಕಪಾಟು ಜೋಡಿಸುತ್ತ ಕೂರುತ್ತೇನೆ. ಒಂದು ಭಾರದ್ದು, ಒಂದು ಹಗುರದ್ದು ಇದ್ದರೆ ಓಟವೂ ದುಡಿಮೆಯೇ ಆಗುತ್ತದೆ. ಎರಡೂ ಭಾರದ್ದಾಗಿದ್ದರೆ ಏನು ಮಾಡಬೇಕೆಂಬುದು ಇನ್ನೂ ಬಗೆಹರಿದಿಲ್ಲ. ಸದ್ಯಕ್ಕೆ ಅಂಥ ವಾರಗಳಲ್ಲಿ ಹೊಸ ಗ್ರಾಹಕರಿಗೆ ತೆರವಿನ ದಿನಾಂಕವನ್ನು ನಾಲ್ಕು ದಿನ ಮುಂದಕ್ಕೆ ಹೇಳುತ್ತೇನೆ.