ಹಳೆಯ ಎಡಿಟಿಂಗ್ ಕಂಪ್ಯೂಟರಿಗೆ ಗ್ರಾಫಿಕ್ಸ್ ಕಾರ್ಡ್: ಕೊಳ್ಳುವ ಮುನ್ನ ನೋಡಬೇಕಾದದ್ದು

ವಿಡಿಯೊ ಎಡಿಟ್ ಮಾಡುವ ಹಳೆಯ ಕಂಪ್ಯೂಟರಿನ ಗ್ರಾಫಿಕ್ಸ್ ಕಾರ್ಡ್ ಕೈಕೊಟ್ಟಾಗ ಹೆಚ್ಚಿನವರು ಮೊದಲು ತೆರೆದು ನೋಡುವುದು ಗೇಮ್‌ಗಳ ವೇಗ ತೋರಿಸುವ ಪಟ್ಟಿಗಳನ್ನು. ಎಡಿಟಿಂಗ್‌ಗೆ ಅವುಗಳಿಂದ ಸಿಗುವ ನೆರವು ಅಷ್ಟಕ್ಕಷ್ಟೆ. ಗೇಮ್‌ನಲ್ಲಿ ಸಲೀಸಾಗಿ ಓಡುವ ಕಾರ್ಡಿನಲ್ಲಿ ವಿಡಿಯೊ ಎನ್‌ಕೋಡ್ ಮಾಡುವ, ಅಂದರೆ ಫೈಲಾಗಿ ಕಟ್ಟುವ ಭಾಗವೇ ಇಲ್ಲದಿರಬಹುದು. ಆ ಭಾಗ ಇದ್ದರೂ ಕಾರ್ಡಿಗೆ ಬೇಕಾದ ವಿದ್ಯುತ್ ಕೊಡುವ ಶಕ್ತಿ ನಿಮ್ಮ ಎಸ್‌ಎಂಪಿಎಸ್‌ಗೆ (ಕಂಪ್ಯೂಟರಿನೊಳಗೆ ವಿದ್ಯುತ್ ಹಂಚುವ ಪೆಟ್ಟಿಗೆ) ಇಲ್ಲದಿರಬಹುದು. ಹಾಗಾಗಿ ಕಾರ್ಡುಗಳ ಹೆಸರನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಟ್ಟು, ನಿಮ್ಮ ಯಂತ್ರ ಏನನ್ನು ತಾಳಿಕೊಳ್ಳುತ್ತದೆ, ನಿಮ್ಮ ಕ್ಯಾಮೆರಾ ಎಂಥ ಫೈಲ್ ಕೊಡುತ್ತದೆ ಎಂಬುದನ್ನು ಮೊದಲು ನೋಡಿಕೊಳ್ಳೋಣ.

ತೊಂದರೆ ಎಲ್ಲಿದೆ?

ಹಳೆಯ ಕಾರ್ಡ್ ಪೂರ್ತಿ ಸತ್ತಿದ್ದರೆ ಈ ಹೆಜ್ಜೆ ಬೇಕಿಲ್ಲ. ಕಾರ್ಡ್ ನಡೆಯುತ್ತಿದೆ, ಆದರೆ ಎಡಿಟಿಂಗ್ ಕುಂಟುತ್ತಿದೆ ಎಂದಾದರೆ ಮಾತ್ರ ಇದನ್ನು ಬಿಡಬೇಡಿ. RAM ಸಾಲದೆ ನಿಧಾನವಾದ ಯಂತ್ರಕ್ಕೆ ಹೊಸ ಕಾರ್ಡ್ ಹಾಕುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ.

ವಿಂಡೋಸ್‌ನಲ್ಲಿ ಟಾಸ್ಕ್ ಮ್ಯಾನೇಜರ್ ತೆರೆದು 'ಪರ್ಫಾರ್ಮೆನ್ಸ್' ವಿಭಾಗಕ್ಕೆ ಹೋಗಿ. ನಿಮಗೆ ಹೆಚ್ಚು ಕಾಟ ಕೊಡುವ ಪ್ರಾಜೆಕ್ಟನ್ನೇ ತೆರೆದು ಟೈಮ್‌ಲೈನ್ ಓಡಿಸಿ. ಗ್ರಾಫಿಕ್ಸ್ ಕಾರ್ಡಿನ ಪುಟದಲ್ಲಿ '3ಡಿ', 'ಕಾಪಿ', 'ವಿಡಿಯೊ ಡಿಕೋಡ್', 'ವಿಡಿಯೊ ಎನ್‌ಕೋಡ್' ಎಂಬ ಬೇರೆ ಬೇರೆ ನಕ್ಷೆಗಳಿರುತ್ತವೆ. ಕಾರ್ಡಿನ ಸ್ವಂತ ಮೆಮೊರಿ ಎಷ್ಟು ತುಂಬಿದೆ ಎಂಬುದು ಅವುಗಳ ಕೆಳಗೆ ಕಾಣುತ್ತದೆ. ಮೆಮೊರಿ ಅಂಚಿಗೆ ಬಂದು ನಿಂತಿದ್ದರೆ ಕಾರ್ಡ್ ಬದಲಿಸಲು ಅದೊಂದೇ ಕಾರಣ ಸಾಕು. ಬಣ್ಣ ತಿದ್ದಿದ, ಗಾತ್ರ ಬದಲಿಸಿದ ಕ್ಲಿಪ್‌ಗಳ ಮೇಲೆ '3ಡಿ' ನಕ್ಷೆ ತುದಿ ಮುಟ್ಟುತ್ತಿದ್ದರೂ ಅಷ್ಟೆ. ಎನ್‌ವಿಡಿಯಾ ಕಾರ್ಡಿನಲ್ಲಿ ಈ ಲೆಕ್ಕಾಚಾರ '3ಡಿ' ನಕ್ಷೆಯಲ್ಲಿ ಕಾಣದಿರಬಹುದು. ಆಗ ನಕ್ಷೆಯ ಹೆಸರಿನ ಪಕ್ಕದ ಬಾಣ ಒತ್ತಿ 'ಕುಡಾ' ಅಥವಾ 'ಕಂಪ್ಯೂಟ್' ಆರಿಸಿ ನೋಡಿ.

ಇದಕ್ಕೆ ಬದಲಾಗಿ ಗ್ರಾಫಿಕ್ಸ್ ಕಾರ್ಡ್ ಬಹುಪಾಲು ಸುಮ್ಮನಿದ್ದು, ಪ್ರೊಸೆಸರ್ ನೂರಕ್ಕೆ ನೂರು ದುಡಿಯುತ್ತಿದೆಯೇ? ಅಂದರೆ ಕ್ಯಾಮೆರಾದ ಫೈಲನ್ನು ಬಿಡಿಸುವ ಕೆಲಸವೇ ಪ್ರೊಸೆಸರ್ ಮೇಲೆ ಬಿದ್ದಿದೆ. ಅದನ್ನು ಹೊಸ ಕಾರ್ಡ್ ನೀಗಿಸಬಲ್ಲುದೇ ಎಂಬುದು ಫೈಲಿನ ಬಗೆಯನ್ನು ಅವಲಂಬಿಸಿದೆ. ಆ ವಿಷಯಕ್ಕೆ ಮುಂದೆ ಬರುತ್ತೇನೆ. ಡಿಸ್ಕಿನ ನಕ್ಷೆ ನೂರಕ್ಕೆ ಅಂಟಿಕೊಂಡಿದ್ದರೆ ಕಾರ್ಡಿನ ಹಣವನ್ನು ಎಸ್‌ಎಸ್‌ಡಿಗೆ ಹಾಕಿ.

ಕ್ಯಾಬಿನೆಟ್ ತೆರೆಯಿರಿ

ವಿದ್ಯುತ್ ಸಂಪರ್ಕ ತೆಗೆದು ಪಕ್ಕದ ಬಾಗಿಲು ಬಿಚ್ಚಿ. ಎಸ್‌ಎಂಪಿಎಸ್‌ನಿಂದ ಬರುವ ತಂತಿಗಳ ತುದಿಯಲ್ಲಿ 6 ಪಿನ್ ಅಥವಾ 8 ಪಿನ್‌ನ ಗ್ರಾಫಿಕ್ಸ್ ಕನೆಕ್ಟರ್ ಇದೆಯೇ ಹುಡುಕಿ. ಮದರ್‌ಬೋರ್ಡಿನ ಉದ್ದ ಸ್ಲಾಟ್ ಕಾರ್ಡಿಗೆ ಹೆಚ್ಚೆಂದರೆ 75 ವ್ಯಾಟ್ ಕೊಡುತ್ತದೆ. 6 ಪಿನ್ ತಂತಿ ಇನ್ನೊಂದು 75 ವ್ಯಾಟ್, 8 ಪಿನ್ ತಂತಿ 150 ವ್ಯಾಟ್ ಸೇರಿಸುತ್ತದೆ. ಎರಡೂ ಇಲ್ಲದಿದ್ದರೆ ನಿಮ್ಮ ಆಯ್ಕೆ 75 ವ್ಯಾಟ್ ಒಳಗಿನ ಕಾರ್ಡುಗಳಿಗೆ ಸೀಮಿತ. ಹಾರ್ಡ್‌ಡಿಸ್ಕಿನ ತಂತಿಯಿಂದ 6 ಪಿನ್ ಮಾಡಿಕೊಡುವ ಅಗ್ಗದ ಅಡಾಪ್ಟರುಗಳಿವೆ. ದಯವಿಟ್ಟು ಹಳೆಯ ಎಸ್‌ಎಂಪಿಎಸ್‌ಗೆ ಅವನ್ನು ಸಿಕ್ಕಿಸಬೇಡಿ. ಗಂಟೆಗಟ್ಟಲೆ ನಡೆಯುವ ಎಕ್ಸ್‌ಪೋರ್ಟ್‌ನಲ್ಲಿ ಆ ತೆಳು ತಂತಿ ಕಾಯುತ್ತದೆ, ಕೆಲವೊಮ್ಮೆ ಕರಗುತ್ತದೆ.

ಎಸ್‌ಎಂಪಿಎಸ್ ಮೇಲಿನ ಚೀಟಿಯನ್ನೂ ಓದಿ. ದೊಡ್ಡಕ್ಷರದಲ್ಲಿ 450 ವ್ಯಾಟ್ ಎಂದಿರಬಹುದು. ಗ್ರಾಫಿಕ್ಸ್ ಕಾರ್ಡಿಗೆ ಲೆಕ್ಕಕ್ಕೆ ಬರುವುದು 12 ವೋಲ್ಟ್ ಸಾಲು ಮಾತ್ರ. ಅಲ್ಲಿ 18 ಆಂಪಿಯರ್ ಎಂದಿದ್ದರೆ 12ರಿಂದ ಗುಣಿಸಿ: 216 ವ್ಯಾಟ್. ಪ್ರೊಸೆಸರ್, ಫ್ಯಾನ್, ಡಿಸ್ಕ್ ಎಲ್ಲವೂ ಅಷ್ಟರಲ್ಲೇ ಬದುಕಬೇಕು.

ಕಾರ್ಡ್ ಕೂರುವ ಜಾಗದ ಉದ್ದವನ್ನು ಅಳೆದುಕೊಳ್ಳಿ. ಕಚೇರಿಗಳಿಂದ ಬಂದ ಸಣ್ಣ ಕ್ಯಾಬಿನೆಟ್ ಆದರೆ ಅರ್ಧ ಎತ್ತರದ ಕಾರ್ಡೇ ಬೇಕು. ಮಾನಿಟರಿನಲ್ಲಿ ವಿಜಿಎ ಮಾತ್ರ ಇದ್ದರೆ ಅಡಾಪ್ಟರ್ ಖರ್ಚನ್ನೂ ಸೇರಿಸಿಕೊಳ್ಳಿ, ಏಕೆಂದರೆ ಈಚಿನ ಕಾರ್ಡುಗಳಲ್ಲಿ ಆ ಪೋರ್ಟ್ ಇಲ್ಲ. ಮದರ್‌ಬೋರ್ಡ್ ಯುಇಎಫ್‌ಐ (ಕಂಪ್ಯೂಟರ್ ಶುರುವಾಗುವಾಗ ಓಡುವ ಬಯೋಸ್ ತಂತ್ರಾಂಶದ ಹೊಸ ರೂಪ) ಬರುವುದಕ್ಕಿಂತ ಹಿಂದಿನದಾದರೆ ಹೊಸ ಕಾರ್ಡ್ ಹಾಕಿದಾಗ ಪರದೆಯೇ ಹತ್ತದಿರುವ ಸಾಧ್ಯತೆಯೂ ಇದೆ. ಇಂಥ ಬೋರ್ಡಿಗೆ ಹಿಂತಿರುಗಿಸುವ ಅವಕಾಶವಿಲ್ಲದ ಕಾರ್ಡ್ ಕೊಳ್ಳಬೇಡಿ.

ಎನ್‌ಕೋಡರ್: ಎಲ್ಲರೂ ಎಡವುವ ಜಾಗ

ಕಾರ್ಡಿನೊಳಗೆ ಲೆಕ್ಕಾಚಾರದ ಭಾಗ ಬೇರೆ, ವಿಡಿಯೊ ಫೈಲನ್ನು ಬಿಡಿಸುವ ಮತ್ತು ಕಟ್ಟುವ ಭಾಗ ಬೇರೆ. ಎಫೆಕ್ಟ್, ಬಣ್ಣ, ಗಾತ್ರ ಬದಲಾವಣೆ ಮೊದಲನೆಯದರ ಕೆಲಸ. ಎಚ್.264, ಎಚ್‌ಇವಿಸಿ, ಎವಿ1 ಎಂಬ ವಿಡಿಯೊ ಕುಗ್ಗಿಸುವ ಬಗೆಗಳ ಫೈಲುಗಳನ್ನು ಓದುವುದು (ಡಿಕೋಡ್), ಬರೆಯುವುದು (ಎನ್‌ಕೋಡ್) ಎರಡನೆಯದರ ಕೆಲಸ. ಅಗ್ಗದ ಕಾರ್ಡುಗಳಲ್ಲಿ ತಯಾರಕರು ಮೊದಲು ಕತ್ತರಿ ಹಾಕುವುದು ಈ ಎರಡನೆಯದಕ್ಕೆ.

ಎಎಂಡಿಯ ಆರ್‌ಎಕ್ಸ್ 6400 ಇದಕ್ಕೆ ಒಳ್ಳೆಯ ಉದಾಹರಣೆ. 53 ವ್ಯಾಟ್, ಬೇರೆ ವಿದ್ಯುತ್ ತಂತಿ ಬೇಡ, ಅರ್ಧ ಎತ್ತರದಲ್ಲೂ ಸಿಗುತ್ತದೆ. ಹಳೆಯ ಯಂತ್ರಕ್ಕೆ ಹೇಳಿ ಮಾಡಿಸಿದಂತೆ ಕಾಣುತ್ತದೆ. ಆದರೆ ಅದರಲ್ಲಿ ಎನ್‌ಕೋಡರ್ ಇಲ್ಲ, ಎವಿ1 ಡಿಕೋಡರೂ ಇಲ್ಲ. ಸಾಲದ್ದಕ್ಕೆ ಅದು ಪಿಸಿಐ ಎಕ್ಸ್‌ಪ್ರೆಸ್‌ನ (ಕಾರ್ಡ್ ಕೂರುವ ಸ್ಲಾಟಿನ ಮಾಹಿತಿ ಸಂಪರ್ಕ) 4 ದಾರಿಗಳನ್ನಷ್ಟೇ ಬಳಸುತ್ತದೆ. ಹಳೆಯ 3.0 ಬೋರ್ಡಿನಲ್ಲಿ ಸೆಕೆಂಡಿಗೆ ಸುಮಾರು 4 ಜಿಬಿಯಷ್ಟೇ ಸಾಗುತ್ತದೆ, 16 ದಾರಿಯ ಕಾರ್ಡಿಗೆ ಅದರ ನಾಲ್ಕು ಪಟ್ಟು. ಆರ್‌ಎಕ್ಸ್ 6500 ಎಕ್ಸ್‌ಟಿಯದೂ ಇದೇ ಕಥೆ. ಎನ್‌ವಿಡಿಯಾದ ಜಿಟಿ 1030ರಲ್ಲಿಯೂ ಎನ್‌ಕೋಡರ್ ಇಲ್ಲ. ಎಷ್ಟೇ ಕಡಿಮೆಗೆ ಸಿಕ್ಕರೂ ಎಡಿಟಿಂಗ್‌ಗೆ ಈ ಮೂರನ್ನೂ ನಾನು ಯಾರಿಗೂ ಹೇಳುವುದಿಲ್ಲ.

ಕ್ಯಾಮೆರಾದ ಫೈಲ್ 10 ಬಿಟ್ 4:2:2 (ಬಣ್ಣದ ವಿವರವನ್ನು ಹೆಚ್ಚು ಉಳಿಸುವ ಬಗೆ) ಆಗಿದ್ದರೆ ಇನ್ನೂ ಎಚ್ಚರ ಬೇಕು. ಎನ್‌ವಿಡಿಯಾದಲ್ಲಿ ಇಂಥ ಫೈಲನ್ನು ಕಾರ್ಡೇ ಬಿಡಿಸುವ ಅನುಕೂಲ ಬಂದದ್ದು ಆರ್‌ಟಿಎಕ್ಸ್ 50 ಸರಣಿಯಲ್ಲಿ. ಅದಕ್ಕಿಂತ ಹಿಂದಿನ ಎಷ್ಟೇ ದೊಡ್ಡ ಕಾರ್ಡ್ ತಂದರೂ ಆ ಹೊರೆ ಪ್ರೊಸೆಸರ್ ಮೇಲೇ ಉಳಿಯುತ್ತದೆ. ಪ್ರಾಕ್ಸಿ ಫೈಲ್ (ಮೂಲ ಫೈಲಿನ ಹಗುರ ನಕಲು) ಮಾಡಿಕೊಂಡು ಎಡಿಟ್ ಮಾಡುವುದು ಆಗ ಖರ್ಚಿಲ್ಲದ ದಾರಿ.

ಇಂಟೆಲ್ ಪ್ರೊಸೆಸರಿನೊಳಗೇ ಗ್ರಾಫಿಕ್ಸ್ ಇರುವವರು ಬಯೋಸ್‌ಗೆ ಹೋಗಿ, ಹೊರಗಿನ ಕಾರ್ಡ್ ಇದ್ದಾಗಲೂ ಅದು ಚಾಲೂ ಇರುವಂತೆ ಮಾಡಿಕೊಳ್ಳಿ. ಪ್ರೀಮಿಯರ್ ಪ್ರೊನಂಥ ತಂತ್ರಾಂಶಗಳು ಫೈಲ್ ಬಿಡಿಸಲು ಅದರ ಕ್ವಿಕ್ ಸಿಂಕ್ ಭಾಗವನ್ನು ಬಳಸಿಕೊಳ್ಳುತ್ತವೆ.

ಹಾಗಾದರೆ ಯಾವುದು?

ವಿದ್ಯುತ್ ತಂತಿಯೇ ಇಲ್ಲದ ಯಂತ್ರಕ್ಕೆ ನನ್ನ ಮೊದಲ ಆಯ್ಕೆ 2024ರಲ್ಲಿ ಬಂದ ಆರ್‌ಟಿಎಕ್ಸ್ 3050ರ 6 ಜಿಬಿ ಮಾದರಿ. 70 ವ್ಯಾಟ್‌ನಲ್ಲಿ ಒಳ್ಳೆಯ ಎನ್‌ಕೋಡರ್ ಮತ್ತು ಎವಿ1 ಡಿಕೋಡರ್ ಎರಡೂ ಸಿಗುತ್ತವೆ. 8 ಜಿಬಿ ಮಾದರಿಗೆ 130 ವ್ಯಾಟ್ ಬೇಕು, ಹೆಸರು ನೋಡಿ ಮೋಸ ಹೋಗಬೇಡಿ. ಬಳಸಿದ ಕಾರ್ಡಾದರೂ ಸರಿ ಎನ್ನುವವರಿಗೆ ಅರ್ಧ ಎತ್ತರದ, 70 ವ್ಯಾಟ್‌ನ ಆರ್‌ಟಿಎಕ್ಸ್ ಎ2000 ಕೂಡ ಚೆನ್ನ. ಜಿಟಿಎಕ್ಸ್ 1650ಕ್ಕೆ 4 ಜಿಬಿ ಮೆಮೊರಿ, 1080ಪಿ ಕೆಲಸಕ್ಕೆ ಸಾಲುತ್ತದೆ. ಆದರೆ 2019ರಲ್ಲಿ ಮೊದಲು ಬಂದ ಮಾದರಿಯ ಎನ್‌ಕೋಡರ್ ಒಂದು ಪೀಳಿಗೆ ಹಿಂದಿನದು, 1650 ಸೂಪರ್‌ನದು ಹೊಸದು. ಸೂಪರ್‌ಗೆ 100 ವ್ಯಾಟ್ ಮತ್ತು 6 ಪಿನ್ ಬೇಕು. ಜಿಟಿಎಕ್ಸ್ 1050 ಟಿಐ ಇನ್ನೂ ಧಾರಾಳವಾಗಿ ಸಿಗುತ್ತದೆ. ಆದರೆ ಆ ಪೀಳಿಗೆಗೆ 580ನೇ ಡ್ರೈವರ್ ಶಾಖೆಯೇ ಕೊನೆಯದೆಂದು ಎನ್‌ವಿಡಿಯಾ 2025ರಲ್ಲಿ ಹೇಳಿಬಿಟ್ಟಿದೆ.

8 ಪಿನ್ ತಂತಿ ಮತ್ತು ಗಟ್ಟಿ ಎಸ್‌ಎಂಪಿಎಸ್ ಇದ್ದರೆ ಬಳಸಿದ ಆರ್‌ಟಿಎಕ್ಸ್ 3060ರ 12 ಜಿಬಿ ಮಾದರಿಯನ್ನು ಹುಡುಕಿ. 170 ವ್ಯಾಟ್ ತಿನ್ನುತ್ತದೆ, ನಿಜ. ಆದರೆ 4ಕೆ ಟೈಮ್‌ಲೈನ್ ಮೇಲೆ ಚಿತ್ರದ ನಾಯ್ಸ್ (ಕಾಳುಕಾಳು) ಕಡಿಮೆ ಮಾಡುವ ಎಫೆಕ್ಟ್ ಹಾಕಿದಾಗ ಡಾವಿಂಚಿ ರಿಸಾಲ್ವ್ ಎಂಬ ಎಡಿಟಿಂಗ್ ತಂತ್ರಾಂಶ ಮೆಮೊರಿ ತುಂಬಿತೆಂದು ನಿಂತುಬಿಡುವ ಕಾಟಕ್ಕೆ ಆ 12 ಜಿಬಿ ಒಳ್ಳೆಯ ಮದ್ದು.

ಇಂಟೆಲ್ ಆರ್ಕ್ ಎ380ರ ಗುಣಪಟ್ಟಿ ಮನಸೆಳೆಯುವಂಥದ್ದು: 6 ಜಿಬಿ, 75 ವ್ಯಾಟ್, ಎವಿ1 ಎನ್‌ಕೋಡರ್, ಮೇಲೆ ಹೇಳಿದ 4:2:2 ಎಚ್‌ಇವಿಸಿಯನ್ನೂ ಬಿಡಿಸುತ್ತದೆ. ತೊಡಕು ಒಂದೇ, ಬಯೋಸ್‌ನಲ್ಲಿ 'ರೀಸೈಜಬಲ್ ಬಾರ್' (ಕಾರ್ಡಿನ ಇಡೀ ಮೆಮೊರಿಯನ್ನು ಪ್ರೊಸೆಸರ್ ಒಮ್ಮೆಗೇ ತಲುಪಲು ಬಿಡುವ ಆಯ್ಕೆ) ಇಲ್ಲದಿದ್ದರೆ ಅದರ ವೇಗ ಬಹಳ ಕುಸಿಯುತ್ತದೆ. ಇಂಟೆಲ್ ಕಂಪನಿಯೇ ತನ್ನ 10ನೇ ಪೀಳಿಗೆಯ ಅಥವಾ ನಂತರದ ಪ್ರೊಸೆಸರ್ ಬೇಕೆನ್ನುತ್ತದೆ. ಅದಕ್ಕಿಂತ ಹಳೆಯ ಯಂತ್ರಕ್ಕೆ ಬೇಡ.

ಬಳಸಿದ್ದನ್ನು ಕೊಳ್ಳುವಾಗ, ಕೂರಿಸಿದ ಮೇಲೆ

ಹಳೆಯ ಜಿಟಿಎಸ್ 450ರಂಥ ಕಾರ್ಡಿನ ಬಯೋಸ್ ತಿದ್ದಿ 1050 ಟಿಐ ಎಂದು ಮಾರುವವರಿದ್ದಾರೆ. ವಿಂಡೋಸ್ ಕೂಡ ಆ ಸುಳ್ಳು ಹೆಸರನ್ನೇ ತೋರಿಸುತ್ತದೆ. ಜಿಪಿಯು-ಝೆಡ್ ಎಂಬ ಉಚಿತ ತಂತ್ರಾಂಶ ಓಡಿಸಿ, 2018ರಿಂದ ಅದು ಇಂಥ ನಕಲಿ ಎನ್‌ವಿಡಿಯಾ ಕಾರ್ಡುಗಳನ್ನು ಗುರುತಿಸಿ ಹೇಳುತ್ತದೆ. ಹಿಂತಿರುಗಿಸುವ ಅವಧಿ ಮುಗಿಯುವ ಮೊದಲೇ ಒಂದು ಉದ್ದನೆಯ ಎಕ್ಸ್‌ಪೋರ್ಟ್ ಮಾಡಿಸಿ, ಪರದೆ ಮಿನುಗುತ್ತದೆಯೇ, ಫ್ಯಾನ್ ಗರಗರ ಎನ್ನುತ್ತದೆಯೇ ನೋಡಿ.

ಬೇರೆ ಕಂಪನಿಯ ಕಾರ್ಡಿಗೆ ಹೋಗುತ್ತಿದ್ದರೆ ಹಳೆಯ ಡ್ರೈವರನ್ನು ಪೂರ್ತಿ ತೆಗೆದು ಹೊಸದನ್ನು ಹಾಕಿ. ಎನ್‌ವಿಡಿಯಾ ಆದರೆ 'ಗೇಮ್ ರೆಡಿ' ಬದಲು 'ಸ್ಟುಡಿಯೊ' ಡ್ರೈವರ್ ಆರಿಸಿ. ಕಾರ್ಡ್ ಬದಲಾದ ಮೇಲೆ ಪ್ರೀಮಿಯರ್‌ನ ಪ್ರಾಜೆಕ್ಟ್ ಸೆಟ್ಟಿಂಗ್‌ನಲ್ಲಿ ರೆಂಡರರ್ 'ಸಾಫ್ಟ್‌ವೇರ್ ಓನ್ಲಿ' ಎಂದೇ ಉಳಿದಿದ್ದರೆ ಅದನ್ನು ಜಿಪಿಯುಗೆ ಬದಲಿಸಬೇಕು. ಎಕ್ಸ್‌ಪೋರ್ಟ್ ಪುಟದಲ್ಲಿ ಎನ್‌ಕೋಡಿಂಗ್ ಆಯ್ಕೆ ಬೇರೆಯೇ ಇರುತ್ತದೆ, ಅದನ್ನೂ 'ಹಾರ್ಡ್‌ವೇರ್'ಗೆ ತಿರುಗಿಸಿ.