ಉಪ್ಪು ಬೆರೆತ ದೂಳು ಮತ್ತು ನನ್ನ ಎರಡು ಬಟ್ಟೆಗಳು

ಶಿರಸಿ ಸೀಮೆಯ ಅಡಿಕೆ ತೋಟದ ಮನೆಯಲ್ಲಿ ಬೆಳೆದ ನನಗೆ ದೂಳಿನ ವಿಷಯದಲ್ಲಿ ಹೊಸದಾಗಿ ಕಲಿಯುವುದೇನೂ ಇಲ್ಲವೆಂಬ ನಂಬಿಕೆಯಿತ್ತು. ವರ್ಗವಾಗಿ ಕಾರವಾರಕ್ಕೆ ಬಂದು ಕೋಡಿಬಾಗದ ಬಾಡಿಗೆ ಮನೆಯಲ್ಲಿ ಸಂಸಾರ ಹೂಡಿದ ಎರಡೇ ತಿಂಗಳಲ್ಲಿ ಅದು ಸುಳ್ಳಾಯಿತು. ಊರಿನ ದೂಳು ಜಂಬಿಟ್ಟಿಗೆ ಮಣ್ಣಿನದು. ಕೆಂಪಗೆ, ಒಣಗಿದ್ದು, ಕೊಡವಿದರೆ ಬಿಟ್ಟುಹೋಗುವಂಥದ್ದು. ಕಾರವಾರದ್ದು ಕೊಡವಿದರೆ ಜಗ್ಗುವುದಿಲ್ಲ, ಒರೆಸಿದರೆ ಬಣ್ಣ ಬಳಿದಂತೆ ಪಟ್ಟೆಪಟ್ಟೆಯಾಗಿ ಹರಡಿಕೊಳ್ಳುತ್ತದೆ. ಹೆಂಡತಿ ಬೆಳಿಗ್ಗೆ ಏಳೂವರೆಗೇ ಕೆಲಸಕ್ಕೆ ಹೊರಡಬೇಕಾದ್ದರಿಂದ ಗುಡಿಸಿ ಒರೆಸುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಹಾಗಾಗಿ ಈ ವ್ಯತ್ಯಾಸ ನನ್ನ ಕೈಗೇ ಮೊದಲು ತಿಳಿಯಿತು.

ಕಾರಣ ಉಪ್ಪು. ಕಡಲ ಅಲೆ ಒಡೆದಾಗ ಹಾರುವ ಹನಿಗಳು ಆರಿ, ಅವುಗಳ ಉಪ್ಪು ಗಾಳಿಯೊಡನೆ ಮನೆಯೊಳಗೆ ಬರುತ್ತದೆ. ಗಾಳಿಯ ತೇವಾಂಶ ಸುಮಾರು ಶೇ 75 ದಾಟಿದರೆ ಈ ಉಪ್ಪು ಗಾಳಿಯಲ್ಲಿರುವ ನೀರನ್ನೇ ಹೀರಿಕೊಂಡು ಕರಗುತ್ತದೆ, ಗಾಳಿ ಸಾಕಷ್ಟು ಒಣಗಿದಾಗ ಮತ್ತೆ ಹರಳಾಗುತ್ತದೆ. ಮಳೆಗಾಲದಲ್ಲಿ ಉಪ್ಪಿನ ಭರಣಿಯ ಮುಚ್ಚಳ ಹಾಕಲು ಮರೆತವರಿಗೆಲ್ಲ ಇದು ಗೊತ್ತಿರುವ ಸಂಗತಿಯೇ. ಆದರೆ ಅದೇ ವ್ಯವಹಾರ ಫ್ಯಾನಿನ ರೆಕ್ಕೆಯ ಮೇಲೂ, ಕಿಟಕಿಯ ಸರಳುಗಳ ಮೇಲೂ, ಟಿ.ವಿ.ಯ ಹಿಂಬದಿಯಲ್ಲೂ ದಿನವೂ ನಡೆಯುತ್ತಿದೆ ಎಂಬುದು ನನಗೆ ಹೊಳೆಯಲು ಒಂದು ವರ್ಷ ಬೇಕಾಯಿತು. ತೇವವಿರುವ ರಾತ್ರಿ ಕರಗಿದ ಉಪ್ಪು ಹೆದ್ದಾರಿಯ ದೂಳನ್ನೂ ಅಡುಗೆಮನೆಯ ಒಗ್ಗರಣೆಯ ಜಿಡ್ಡನ್ನೂ ಹಿಡಿದು ಅಂಟಿಸುತ್ತದೆ. ಒಣ ಬಟ್ಟೆಯಿಂದ ಅದನ್ನು ಉಜ್ಜುವುದೆಂದರೆ ಮರದ ಕಪಾಟಿಗೆ ನಾವೇ ಗೀರು ಹಾಕಿದಂತೆ.

ಈ ತಿಳಿವಳಿಕೆ ಬರುವುದಕ್ಕೆ ಮುಂಚೆ ನಾನು ಮಾಡಿದ್ದೆಲ್ಲ ಶ್ರದ್ಧೆಯ ತಪ್ಪುಗಳು. ದಿನಕ್ಕೆ ಎರಡು ಸಲ ಗುಡಿಸಿದೆ. ಗುಡಿಸಿದ ಬೆನ್ನಿಗೇ ಮೇಜು ಒರೆಸಿ, ಅರ್ಧ ಗಂಟೆಯಲ್ಲಿ ಮತ್ತೆ ಅದರ ಮೇಲೆ ಬೆರಳಿನಿಂದ ಹೆಸರು ಬರೆಯುವಷ್ಟು ದೂಳು ಕೂತದ್ದನ್ನು ನೋಡಿ ಹೆದ್ದಾರಿಯ ಕಡೆ ತಿರುಗಿ ಬೈದೆ. ನಿಜವಾಗಿ ಆ ದೂಳನ್ನು ಎಬ್ಬಿಸಿದ್ದು ನನ್ನ ಕಸಬರಿಗೆಯೇ. ಹತ್ತು ಮೈಕ್ರಾನ್ ಗಾತ್ರದ ಕಣ ಒಂದು ಮೀಟರು ಎತ್ತರದಿಂದ ನೆಲಕ್ಕಿಳಿಯಲು ಕೆಲವು ನಿಮಿಷ ತೆಗೆದುಕೊಂಡರೆ, ಒಂದು ಮೈಕ್ರಾನಿನ ಕಣ ಗಾಳಿ ಅಲುಗಾಡದೆ ಇದ್ದರೂ ಕೆಲವು ಗಂಟೆ ತೇಲುತ್ತಿರುತ್ತದೆ. ನಾನಂತೂ ಫ್ಯಾನು ಹಾಕಿಕೊಂಡೇ ಗುಡಿಸುತ್ತಿದ್ದೆ. ಆಮೇಲೆ ಸಾಲದೆಂದು ವ್ಯಾಕ್ಯೂಮ್ ಕ್ಲೀನರ್ ಕೊಂಡೆ. ಅದರ ಮುಂಭಾಗ ಹೀರಿದ ನುಣುಪು ದೂಳು ಹಿಂಭಾಗದಿಂದ ಹೊರಬೀಳುತ್ತಿತ್ತೆಂಬುದು ಕಿಟಕಿಯ ಬಿಸಿಲುಕೋಲಿನಲ್ಲಿ ಒಂದು ದಿನ ಕಣ್ಣಿಗೆ ಬಿತ್ತು. ಈಗ ಅದು ಮಂಚದ ಕೆಳಗಿದೆ, ತಾನೂ ಸ್ವಲ್ಪ ದೂಳು ಹಿಡಿದುಕೊಂಡು.

ಪರಿಹಾರ ನನ್ನ ಬಾಲ್ಯದ ಅಂಗಳದಲ್ಲೇ ಇತ್ತು. ಆಯಿ, ಅಂದರೆ ನನ್ನ ಅಮ್ಮ, ಅಂಗಳ ಗುಡಿಸುವ ಮೊದಲು ಚೊಂಬಿನಲ್ಲಿ ನೀರು ಹಿಡಿದು ಕೈಯಿಂದ ಚಿಮುಕಿಸುತ್ತಿದ್ದಳು. ನೆನೆದ ಮಣ್ಣು ಮೇಲೇಳುತ್ತಿರಲಿಲ್ಲ. ಟೈಲ್ಸ್ ನೆಲಕ್ಕೆ ನೀರು ಚಿಮುಕಿಸಿದರೆ ಕೆಸರಾಗುತ್ತದೆ, ಆದ್ದರಿಂದ ನಾನು ಹಳೆಯ ಪತ್ರಿಕೆಯನ್ನು ನೀರಿನಲ್ಲಿ ನೆನೆಸಿ, ಗಟ್ಟಿಯಾಗಿ ಹಿಂಡಿ, ಚೂರುಚೂರು ಮಾಡಿ ಕೋಣೆಯ ಒಂದು ತುದಿಯಲ್ಲಿ ಚೆಲ್ಲುತ್ತೇನೆ. ಫ್ಯಾನು ಆರಿಸಿ, ಆ ಚೂರುಗಳನ್ನು ಕಸಬರಿಗೆಯಿಂದ ನಿಧಾನವಾಗಿ ಬಾಗಿಲ ಕಡೆ ಎಳೆದುಕೊಂಡು ಹೋದರೆ ದೂಳು ಅವಕ್ಕೆ ಅಂಟಿಕೊಂಡೇ ಹೊರಡುತ್ತದೆ. ಪೀಠೋಪಕರಣಗಳಿಗೆ ಎರಡು ಬಟ್ಟೆ ಬೇಕು, ಎರಡೂ ಹಳೆಯ ಹತ್ತಿ ಪಂಚೆಯ ತುಂಡುಗಳು. ಒಂದನ್ನು ಬರೀ ನೀರಿನಲ್ಲಿ ಅದ್ದಿ ಹನಿ ತೊಟ್ಟಿಕ್ಕದಂತೆ ಹಿಂಡಿ ಒರೆಸಿದರೆ ಉಪ್ಪು ಕರಗಿ ಬಟ್ಟೆಗೆ ಬರುತ್ತದೆ. ಹಿಂದೆಯೇ ಎರಡನೆಯದರಿಂದ, ಅಂದರೆ ಒಣಗಿದ್ದರಿಂದ, ತೇವ ತೆಗೆಯಬೇಕು. ಸಾಬೂನಿನ ಪುಡಿ ಹಾಕಿದರೆ ಅದರ ಪಸೆ ಉಳಿದು ಮುಂದಿನ ದೂಳಿಗೆ ತಾನೇ ಅಂಟಾಗುತ್ತದೆ. ಎರಡು ಕೋಣೆಗೊಮ್ಮೆ ಬಕೆಟ್ಟಿನ ನೀರು ಬದಲಿಸುವುದನ್ನು ಮಾತ್ರ ತಪ್ಪಿಸಬಾರದು, ಇಲ್ಲವಾದರೆ ಒಂದು ಕೋಣೆಯ ಉಪ್ಪನ್ನು ಇನ್ನೊಂದಕ್ಕೆ ಹಂಚಿದಂತಾಗುತ್ತದೆ. ಫ್ಯಾನಿನ ರೆಕ್ಕೆಗೆ ಹಳೆಯ ತಲೆದಿಂಬಿನ ಚೀಲ ತೊಡಿಸಿ ಹೊರಗಿನಿಂದ ಒತ್ತಿ ಎಳೆಯುತ್ತೇನೆ. ದೂಳು ಚೀಲದೊಳಗೇ ಬೀಳುತ್ತದೆ, ತಲೆಯ ಮೇಲಲ್ಲ.

ಕಿಟಕಿಗಳಿಗೂ ಒಂದು ವೇಳಾಪಟ್ಟಿ ಆಯಿತು. ಬೆಳಿಗ್ಗೆ ಗುಡ್ಡದ ಕಡೆಯಿಂದ ಬರುವ ಗಾಳಿ ತಂಪಾಗಿಯೂ ಸ್ವಚ್ಛವಾಗಿಯೂ ಇರುವುದರಿಂದ ಆಗ ಎಲ್ಲವನ್ನೂ ತೆರೆಯುತ್ತೇವೆ. ಹೊತ್ತೇರಿದಂತೆ ಕಡಲಗಾಳಿ ಏಳುತ್ತದೆ, ಕಡಲಿಗೂ ನಮ್ಮ ಮನೆಗೂ ನಡುವೆ 66ನೇ ಹೆದ್ದಾರಿ ಮಲಗಿದೆ. ಹನ್ನೊಂದು ಗಂಟೆಗೆ ಪಶ್ಚಿಮದ ಕಿಟಕಿಗಳನ್ನು ಮುಚ್ಚಿದರೆ ಮಧ್ಯಾಹ್ನದ ಅರ್ಧದಷ್ಟು ಕೆಲಸ ಅಲ್ಲಿಗೇ ಮುಗಿಯುತ್ತದೆ. ಸೆಕೆಯಾಗುತ್ತದೆ ಎಂಬುದು ನಿಜ.

ಇಷ್ಟೆಲ್ಲ ಮಾಡಿದ ಮೇಲೂ ಮನೆ ಕನ್ನಡಿಯಂತೆ ಇರಲಿಲ್ಲ, ಮಗನ ಬೆಳಗಿನ ಸೀನೂ ಹಾಗೆಯೇ ಇತ್ತು. ವೈದ್ಯರು ಕೇಳಿದ್ದು ನಡುಮನೆಯ ವಿಚಾರವನ್ನಲ್ಲ, ಹಾಸಿಗೆಯ ವಿಚಾರವನ್ನು. ಹಾಸಿಗೆ ದಿಂಬುಗಳಲ್ಲಿ ವಾಸಿಸುವ ದೂಳುನುಸಿಗಳು ನಮ್ಮ ಮೈಯಿಂದ ಉದುರುವ ಚರ್ಮದ ಹೊಟ್ಟನ್ನು ತಿಂದು ಬದುಕುತ್ತವೆ. ನೀರು ಕುಡಿಯುವುದಿಲ್ಲ, ಗಾಳಿಯ ತೇವವನ್ನೇ ಮೈಯಿಂದ ಹೀರುತ್ತವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಚಪ್ಪಲಿಯ ಮೇಲೂ ಬೂಷ್ಟು ಬೆಳೆಯುವ ನಮ್ಮ ಕರಾವಳಿ ಅವಕ್ಕೆ ತವರುಮನೆ. ನಾವು ಮಲಗುವ ಕೋಣೆಯಿಂದ ಪರದೆ, ಜಮಖಾನೆ, ಪುಸ್ತಕದ ರಾಶಿ ಎಲ್ಲವನ್ನೂ ಹೊರಗೆ ಹಾಕಿದೆವು; ಹೊದಿಕೆ ಮತ್ತು ದಿಂಬಿನ ಚೀಲಗಳನ್ನು ವಾರಕ್ಕೊಮ್ಮೆ 60 ಡಿಗ್ರಿಯ ಬಿಸಿನೀರಿನಲ್ಲಿ ಒಗೆಯುತ್ತೇವೆ, ಏಕೆಂದರೆ ತಣ್ಣೀರಿನಲ್ಲಿ ನುಸಿ ಸಾಯುವುದಿಲ್ಲ. ಮಗನ ಸೀನು ಪೂರ್ತಿ ನಿಂತಿತೆಂದು ಹೇಳಲಾರೆ, ಆದರೆ ರಾತ್ರಿ ಎಲ್ಲರಿಗೂ ನಿದ್ದೆ ಬರುತ್ತಿದೆ.

ಅಂದಿನಿಂದ ಮನೆಯನ್ನು ಎರಡು ಪಾಲು ಮಾಡಿದೆ. ಮಲಗುವ ಕೋಣೆ, ಅಡುಗೆಮನೆ, ಹೊಸ್ತಿಲಿನ ಕಾಲೊರೆಸು, ಇವು ದಿನದ ಲೆಕ್ಕಕ್ಕೆ. ನಡುಮನೆಯ ಕಪಾಟು, ಪುಸ್ತಕದ ಬೆನ್ನುಗಳು, ಮೂಲೆಯ ಜೇಡರ ಬಲೆ, ಇವು ಭಾನುವಾರ ಮನಸ್ಸಾದರೆ, ಇಲ್ಲವಾದರೆ ಚೌತಿಗೆ. ಹೀಗೆ ಬಿಟ್ಟುಬಿಡಲು ಮೊದಮೊದಲು ನಾಚಿಕೆಯಾಗುತ್ತಿತ್ತು. ಆ ನಾಚಿಕೆಯನ್ನು ನಮಗೆ ಕಲಿಸಿದ್ದು ಬಿಳಿ ಟೈಲ್ಸ್ ಎಂದು ಈಗ ಅನ್ನಿಸುತ್ತದೆ. ಊರಿನ ಮನೆಯಲ್ಲಿ ಸಗಣಿ ಸಾರಿಸಿದ ನೆಲ ದೂಳನ್ನು ತನ್ನ ಬಣ್ಣದಲ್ಲೇ ಅಡಗಿಸಿಕೊಳ್ಳುತ್ತಿತ್ತು, ಅಡುಗೆಮನೆಯ ಜಂತಿಯಿಂದ ಇಲ್ಲಣ ಜೋತಾಡುತ್ತಿತ್ತು, ಬಂದ ನೆಂಟರು ಆಸರಿಗೆ ಕುಡಿದು ಅಡಿಕೆಯ ಮಾತಾಡಿ ಹೋಗುತ್ತಿದ್ದರೇ ಹೊರತು ಯಾರೂ ಮೇಲೆ ನೋಡಿದ್ದು ನನಗೆ ನೆನಪಿಲ್ಲ.

ಆಯಿ ಮಾತ್ರ ನೋಡುತ್ತಾಳೆ. ಕಳೆದ ಸಲ ಬಂದವಳು ಕಪಾಟಿನ ನೆತ್ತಿಗೆ ಕೈಯಾಡಿಸಿ, “ತಮಾ, ಇಲ್ಲಿ ಭತ್ತ ಬಿತ್ತಲಕ್ಕು” ಎಂದಳು. ನಾನು ಸ್ಟೂಲು ಹತ್ತಿ, ಹಿಂದಿನ ಚೌತಿಗೆ ಅಲ್ಲಿ ಹಾಸಿದ್ದ ಪತ್ರಿಕೆಯನ್ನು ನಾಲ್ಕೂ ಅಂಚಿನಿಂದ ಮಡಚಿ, ವರ್ಷದ ದೂಳನ್ನು ಪೊಟ್ಟಣ ಕಟ್ಟಿದಂತೆ ಕೆಳಗಿಳಿಸಿ, ಹೊಸ ಹಾಳೆ ಹಾಸಿದೆ. ಒರೆಸುವ ಕೆಲಸವೇ ಇರಲಿಲ್ಲ. ಅವಳು ಪೊಟ್ಟಣವನ್ನು ಅಂಗಳಕ್ಕೆ ಒಯ್ದು ಕೊಡವಿ, ಕನ್ನಡಕ ಹಾಕಿಕೊಂಡು, ಹೋದ ವರ್ಷದ ಚಾಲಿ ಅಡಿಕೆಯ ಧಾರಣೆ ಓದುತ್ತ ಮೆಟ್ಟಿಲ ಮೇಲೆ ಕೂತಳು.